ಒಣ ಇಟ್ಟಿಗೆ

ಮಗನ ಬ್ರೆಡ್ಡಿನ ವ್ಯಾನು ಹಿಂದಕ್ಕೆ ಬರುತ್ತಾ ಬೆಳ್ಳುಳ್ಳಿ ಪಾತಿಯ ಮೇಲೆ ಹತ್ತಿದ್ದು ಅದು ಮೂರನೇ ಸಲ. ಮೊದಲ ಸಲ ಕತ್ತಲೆಯಿತ್ತು ಎಂದ, ಎರಡನೇ ಸಲ ಮಂಜಿತ್ತು ಎಂದ. ಈ ಸಲ ಬೆಳಿಗ್ಗೆ ಹತ್ತು ಗಂಟೆಯ ಬಿಸಿಲಿನಲ್ಲಿ ಹೇಳಲು ಏನೂ ಸಿಗದೆ, "ಆ ಪಾತಿ ಅಲ್ಲಿರೋದೇ ತಪ್ಪು" ಎಂದುಬಿಟ್ಟ.

ಅವನ ತಾಯಿ ಬಾಂಡ್ಲಿಯಮ್ಮ ಚಕ್ರದ ಗುರುತಿನ ಪಕ್ಕ ಕುಕ್ಕರಗಾಲಲ್ಲಿ ಕೂತು, ಅಡ್ಡಬಿದ್ದ ಗಿಡಗಳನ್ನು ಒಂದೊಂದಾಗಿ ನೆಟ್ಟಗೆ ಮಾಡುತ್ತಿದ್ದಳು. ಹುಟ್ಟಿದಾಗ ಇಟ್ಟ ಹೆಸರು ಕಾಗದಪತ್ರಗಳಲ್ಲಿ ಉಳಿದಿತ್ತು, ಅಷ್ಟೆ. ಮೂವತ್ತಮೂರು ವರ್ಷ ಗಾರೆ ತುಂಬಿದ ಕಬ್ಬಿಣದ ಬಾಂಡ್ಲಿಯನ್ನು ತಲೆಯ ಮೇಲಿಟ್ಟುಕೊಂಡು ಏಣಿ ಹತ್ತಿದವಳಿಗೆ ಕೆಲಸದ ಜಾಗದವರು ಇಟ್ಟ ಹೆಸರೇ ಗಟ್ಟಿಯಾಗಿತ್ತು. ಅವಳು ಹೊತ್ತು ತಂದದ್ದನ್ನು ಗೋಡೆಗೆ ಹಚ್ಚುತ್ತಿದ್ದವನು ಅವಳ ಗಂಡ, ಮೇಸ್ತ್ರಿ. ಅಷ್ಟು ವರ್ಷದಲ್ಲಿ ಒಂದೇ ಒಂದು ಇಟ್ಟಿಗೆ ಕೂರಿಸಲು ಅವಳಿಗೆ ಬಿಟ್ಟಿರಲಿಲ್ಲ. ಅವಳೇನು ಕೇಳಲಿಲ್ಲವೇ ಎಂದರೆ, ಕೇಳಿದ್ದಳು, ಎರಡು ಸಲ. ಒಂದು ಸಲ ಮೇಸ್ತ್ರಿ ನಕ್ಕ, ಇನ್ನೊಂದು ಸಲ ಉಳಿದವರೂ ಸೇರಿ ನಕ್ಕರು.

ಅದೆಲ್ಲ ಕೆಳಗಿನ ಸೆಕೆಯ ಊರುಗಳ ಮಾತು. ಮೇಸ್ತ್ರಿ ಗೋಡೆಗೆ ಕಟ್ಟಿದ ಸಾರುವೆಯಿಂದ ಬಿದ್ದು ಸೊಂಟ ಮುರಿದುಕೊಂಡ ಮೇಲೆ, ಮಗನಿಗೆ ಬೇಕರಿಯ ವ್ಯಾನು ಓಡಿಸುವ ಕೆಲಸ ಸಿಕ್ಕಿ, ಸಂಸಾರ ಈ ಚಳಿಯ ಊರಿಗೆ ಬಂದಿತ್ತು. ಇದು ಎರಡನೇ ವರ್ಷ. ಮನೆ ಬಾಡಿಗೆಯದಲ್ಲ, ಮಗ ಸೊಸೆ ಇಬ್ಬರೂ ದುಡಿದು ಕೊಂಡದ್ದು. ಮುಂದೆ ಹದಿನಾರಡಿ ಅಗಲದ ಅಂಗಳ. ಅದರ ಒಂದು ಬದಿಯನ್ನು ಬಾಂಡ್ಲಿಯಮ್ಮ ಯಾರ ಅಪ್ಪಣೆಯನ್ನೂ ಕೇಳದೆ ಅಗೆದು ಬೆಳ್ಳುಳ್ಳಿ, ಕೋಸು, ಬಟಾಣಿ ಹಾಕಿದ್ದಳು.

ಮಧ್ಯಾಹ್ನ ಊಟಕ್ಕೆ ಕೂತಾಗ ಮಗ ವಿಷಯ ಎತ್ತಿದ. ಮಾರದೆ ಉಳಿದ ಬ್ರೆಡ್ಡನ್ನು ಬಿಸಿ ಸೂಪಿನಲ್ಲಿ ಅದ್ದುತ್ತಾ, "ಚಳಿ ಮುಗೀಲಿ. ಅಂಗಳಕ್ಕೆ ಪೂರ್ತಿ ಕಾಂಕ್ರೀಟ್ ಹಾಕಿಸ್ತೀನಿ" ಎಂದ.

"ಪೂರ್ತಿ ಅಂದ್ರೆ?" ಬಾಂಡ್ಲಿಯಮ್ಮ ಕೇಳಿದಳು.

"ಪೂರ್ತಿ ಅಂದ್ರೆ ಪೂರ್ತಿ. ಬೀದೀಲಿ ನಿಲ್ಲಿಸಿ ಎರಡು ಸಲ ವ್ಯಾನಿನ ಕನ್ನಡಿ ಒಡೆದುಹೋಯ್ತು. ಇನ್ನೊಂದ್ಸಲ ಆದ್ರೆ ವ್ಯಾನು ಬೇರೆಯವರಿಗೆ ಕೊಡ್ತೀನಿ ಅಂದಿದಾರೆ ಬೇಕರಿಯವರು. ನಾಳೆ ಕೆಲಸ ಹೋದ್ರೆ ಬೆಳ್ಳುಳ್ಳಿ ತಿಂದ್ಕೊಂಡು ಇರೋಣ್ವಾ?"

"ನಿನ್ನ ವ್ಯಾನು ಆರಡಿ ಅಗಲ. ಅಂಗಳ ಹದಿನಾರಡಿ."

"ತಿರುಗಿಸೋಕೆ ಜಾಗ ಬೇಡ್ವಾ?"

"ಎಂಟಡಿ ಇಟ್ಕೋ. ಒಂಬತ್ತು ಇಟ್ಕೋ. ನಿನಗೆ ತಿರುಗಿಸೋಕೆ ಬರಲ್ಲ ಅಂತ ನನ್ನ ಪಾತಿ ಯಾಕೆ ಸಾಯ್ಬೇಕು?"

ಸೊಸೆ ತಟ್ಟೆಯ ಕಡೆ ತಲೆ ಬಗ್ಗಿಸಿ ನಗು ನುಂಗಿದಳು. ಮಗನಿಗೆ ಅದು ಕಾಣಿಸಿತು, ಮುಖ ಕೆಂಪಾಯಿತು. ನಾಲ್ಕು ಗಂಟೆಗೆ ಎದ್ದು ಊರೆಲ್ಲ ಸುತ್ತಿ ಬಂದವನು, ಪಾಪ. "ಮಾತು ಮುಗೀತು. ಚಳಿ ಕಳೆದ ತಕ್ಷಣ ಗುತ್ತಿಗೆದಾರ ಬರ್ತಾನೆ" ಎಂದ.

"ಇನ್ನೆಷ್ಟು ದಿನ ಚಳಿ?"

"ಏಳೆಂಟು ವಾರ ಇರಬಹುದು. ಯಾಕೆ?"

"ಸಾಕು. ಅಷ್ಟರೊಳಗೆ ಪಾತಿ ಉದ್ದಕ್ಕೂ ಗೋಡೆ ಎಬ್ಬಿಸ್ತೀನಿ. ಎರಡಡಿ ಎತ್ತರ. ಆಮೇಲೆ ಅದೆಲ್ಲಿ ಕಾಂಕ್ರೀಟ್ ಹಾಕ್ತಾನೋ ನೋಡ್ತೀನಿ."

ಅಲ್ಲಿಯವರೆಗೆ ತನಗೂ ಇದಕ್ಕೂ ಸಂಬಂಧವಿಲ್ಲ ಎಂಬಂತೆ ಉಣ್ಣುತ್ತಿದ್ದ ಮೇಸ್ತ್ರಿ ಚಮಚ ಕೆಳಗಿಟ್ಟ. "ಯಾರು ಎಬ್ಬಿಸೋರು?"

"ನಾನು."

"ಈ ಚಳೀಲಿ ಗಾರೆ ಹಿಡಿಯುತ್ತಾ? ಅದೂ ಹೋಗ್ಲಿ, ಇಟ್ಟಿಗೆ ಹೊತ್ತು ಹೊತ್ತು ಮೇಸ್ತ್ರಿ ಆದೋರನ್ನ ಎಲ್ಲಾದ್ರೂ ಕಂಡಿದೀಯಾ?"

"ಕಂಡಿಲ್ಲ. ಅದಕ್ಕೇ ನೋಡೋಣ ಅಂತ" ಎಂದು ಬಾಂಡ್ಲಿಯಮ್ಮ ಅವನ ಬಟ್ಟಲಿಗೆ ಇನ್ನೊಂದು ಸೌಟು ಸೂಪು ಬಡಿಸಿದಳು.

ಇಟ್ಟಿಗೆಗೆ ಪರದಾಡಬೇಕಿರಲಿಲ್ಲ. ಹಿತ್ತಲಲ್ಲಿ ಹಳೆಯ ಕೊಟ್ಟಿಗೆಯೊಂದು ಕುಸಿದು ರಾಶಿಯಾಗಿ ಬಿದ್ದಿತ್ತು. ಒಂದು ವಾರ ಅವಳು ಅಲ್ಲೇ ಕೂತು, ಒಂದೊಂದೇ ಇಟ್ಟಿಗೆ ಎತ್ತಿ, ಅಂಟಿದ ಹಳೆಯ ಗಾರೆಯನ್ನು ಸುತ್ತಿಗೆಯಿಂದ ಕೆರೆದಳು. ಗಾರೆ ಹಚ್ಚುವ ಕರಣೆ ಮಾತ್ರ ಬೇಕಿತ್ತು. ಮೇಸ್ತ್ರಿಯ ಕರಣೆ ಕಪಾಟಿನ ಮೇಲೆ, ಎಣ್ಣೆ ಬಟ್ಟೆಯಲ್ಲಿ ಸುತ್ತಿ ಮಲಗಿತ್ತು. ಕೆಲಸ ಬಿಟ್ಟು ಇಷ್ಟು ದಿನವಾದರೂ ಅವನು ತಿಂಗಳಿಗೊಮ್ಮೆ ಅದನ್ನಿಳಿಸಿ ಒರೆಸುತ್ತಿದ್ದ.

"ರೀ, ಕರಣೆ ಕೊಡಿ."

"ಆಗಲ್ಲ."

"ನೀವಂತೂ ಉಪಯೋಗಿಸ್ತಿಲ್ಲ."

"ನನ್ನ ಕೈ ಕೊಯ್ಕೊಂಡು ಹೋಗು ಬೇಕಾದ್ರೆ. ಅದನ್ನ ಮುಟ್ಟಬೇಡ."

ಅವಳು ಚಪ್ಪಲಿ ಮೆಟ್ಟಿ ಹಾರ್ಡ್‌ವೇರ್ ಅಂಗಡಿಗೆ ಹೋದಳು. ಅಂಗಡಿಯವನು ನಾಲ್ಕು ಕರಣೆ ಮುಂದಿಟ್ಟು, "ಯಜಮಾನ್ರ ಕೈ ದೊಡ್ಡದಾ, ಚಿಕ್ಕದಾ?" ಎಂದ. "ನನ್ನ ಕೈ ನೋಡಿ ಕೊಡಪ್ಪ" ಎಂದಳು ಬಾಂಡ್ಲಿಯಮ್ಮ. ಒಂದೊಂದನ್ನೂ ಹಿಡಿದು, ಗಾಳಿಯಲ್ಲಿ ಗಾರೆ ಎಳೆದು ನೋಡಿ, ಎರಡನೆಯದನ್ನು ಆರಿಸಿಕೊಂಡಳು. ಮನೆಗೆ ಬರುವ ದಾರಿಯುದ್ದಕ್ಕೂ ಅದನ್ನು ಚೀಲದೊಳಗೆ ಹಾಕಲಿಲ್ಲ. ಕೈಯಲ್ಲೇ ಹಿಡಿದುಕೊಂಡು ಬಂದಳು, ನೋಡುವವರು ನೋಡಲಿ ಎಂದು.

ಆ ವಾರ ಚಳಿ ಇನ್ನೂ ಹಲ್ಲು ಕಿರಿದಿರಲಿಲ್ಲ. ಹದಿನೆಂಟಡಿ ಉದ್ದಕ್ಕೆ ದಾರ ಕಟ್ಟಿ, ಪಾಯ ತೋಡಿ, ಜಲ್ಲಿ ಸಿಮೆಂಟು ತುಂಬಿದಳು. ಮೇಸ್ತ್ರಿ ಕಿಟಕಿಯ ಹಿಂದೆ ಕೂತು ನೋಡುತ್ತಿದ್ದ. ಮೊದಲ ದಿನ ಸುಮ್ಮನಿದ್ದ. ಎರಡನೇ ದಿನ ಗಾಜು ಕುಟ್ಟಿ ಬೆರಳಲ್ಲಿ ಏನೋ ಸನ್ನೆ ಮಾಡಿದ. ಅವಳು ಕಾಣಿಸದವಳ ಹಾಗೆ ಬೆನ್ನು ತಿರುಗಿಸಿದಳು. ಮೂರನೇ ದಿನ ತಡೆಯಲಾರದೆ ಟೋಪಿ, ಶಾಲು, ಊರುಗೋಲು ಎಲ್ಲ ಸಜ್ಜು ಮಾಡಿಕೊಂಡು, ಕುರ್ಚಿ ಎಳೆಸಿಕೊಂಡು ಅಂಗಳಕ್ಕೇ ಬಂದ.

"ಇಟ್ಟಿಗೆ ನೆನೆಸಿದೀಯಾ?"

"ಹ್ಞೂಂ."

"ರಾತ್ರಿಯಿಡೀ? ಗುಳ್ಳೆ ಬರೋದು ನಿಲ್ಲೋವರೆಗೂ?"

"ಮೂವತ್ತಮೂರು ವರ್ಷ ನಿಮಗೆ ನೆನೆಸಿಕೊಟ್ಟೋಳು ಯಾರು?"

"ಇನ್ನೂ ನೆನೆಸು. ಒಣ ಇಟ್ಟಿಗೆ ಗಾರೆ ನೀರನ್ನೆಲ್ಲ ಕುಡಿದುಬಿಡುತ್ತೆ. ಅದನ್ನ ಮರೆತ್ರೆ ಮುಗೀತು."

ಮರೆಯುವ ಮಾತೇ ಇರಲಿಲ್ಲ. ಸೆಕೆಯ ಊರಲ್ಲಿ ಅದೇ ಅವಳ ಕೆಲಸ. ತೊಟ್ಟಿಯಲ್ಲಿ ಮುಳುಗಿಸಿ, ಬುಸ್ ಎನ್ನುವ ಶಬ್ದ ನಿಂತ ಮೇಲೆಯೇ ತೆಗೆದು ಕೊಡುತ್ತಿದ್ದಳು. ಈಗಲೂ ಹಾಗೆಯೇ ತೆಗೆದಳು. ಗಾರೆ ಹಾಸಿ, ಇಟ್ಟಿಗೆ ಇಟ್ಟು, ಕರಣೆಯ ಹಿಡಿಯಿಂದ ಎರಡು ತಟ್ಟು ತಟ್ಟಿದಳು. ಇಟ್ಟಿಗೆ ಕೂತಿತು. ಅವಳು ಇನ್ನೊಮ್ಮೆ ತಟ್ಟಿದಳು. ಸಂತೋಷಕ್ಕೋ ಸಿಟ್ಟಿಗೋ ಅವಳಿಗೂ ತಿಳಿಯಲಿಲ್ಲ. ಇಷ್ಟು ಸಣ್ಣ ಕೆಲಸವನ್ನು ಅಷ್ಟು ವರ್ಷ ತಡೆದಿಟ್ಟರಲ್ಲ ಎನಿಸಿತು. ಸಂಜೆ ನಾಲ್ಕರ ಹೊತ್ತಿಗೆ ಒಂದರ ಮೇಲೊಂದು ಮೂರು ಸಾಲು, ಮೂರು ವರಸೆ ಎದ್ದಿದ್ದವು. ಕೊನೆಗೆ ನೆನೆದ ಇಟ್ಟಿಗೆ ಸಾಲದೆ ಬಂದು, ಬಾಗಿಲ ಕಡೆಯ ಮೂಲೆಗೆ ರಾಶಿಯಿಂದ ನೇರವಾಗಿ ಒಂದಷ್ಟು ಒಣ ಇಟ್ಟಿಗೆ ತಂದು ಇಟ್ಟಳು. ಮೇಸ್ತ್ರಿ ಆಗಲೇ ಒಳಗೆ ಹೋಗಿದ್ದ, ನೋಡಲಿಲ್ಲ.

ಆ ರಾತ್ರಿಯೂ ಮರುರಾತ್ರಿಯೂ ಹಿಮ ಬಿತ್ತು. ನಲ್ಲಿಯ ನೀರು ಗಡ್ಡೆ ಕಟ್ಟಿತು, ಕೊಡದ ನೀರು ಗಡ್ಡೆ ಕಟ್ಟಿತು. ಮೂರನೇ ಬೆಳಿಗ್ಗೆ ಬಾಂಡ್ಲಿಯಮ್ಮ ಮೇಲಿನ ಒಂದು ಇಟ್ಟಿಗೆಯ ಮೇಲೆ ಕೈಯಿಟ್ಟಳು. ಅದು ಡಬ್ಬದ ಮುಚ್ಚಳದ ಹಾಗೆ ಎದ್ದು ಬಂತು. ಪಕ್ಕದ್ದೂ ಬಂತು, ಅದರ ಪಕ್ಕದ್ದೂ. ಗಾರೆ ಹರಳುಪ್ಪಿನ ಹಾಗೆ ಉದುರಿತು. ಒಂದೆರಡು ಇಟ್ಟಿಗೆ ಹೊಟ್ಟೆಯೊಡೆದು ಎರಡಾಗಿದ್ದವು, ಒಳಗೆ ಮಂಜುಗಡ್ಡೆ ಮಿನುಗುತ್ತಿತ್ತು.

ಮಗ ವ್ಯಾನಿನಿಂದಿಳಿದು ನೋಡಿದ. ನಗಲಿಲ್ಲ. ನಕ್ಕಿದ್ದರೆ ಅವಳಿಗೆ ಸುಲಭವಾಗುತ್ತಿತ್ತು. "ಬಿಟ್ಬಿಡಮ್ಮ" ಎಂದ ಮೆಲ್ಲಗೆ. "ಈ ವಯಸ್ಸಲ್ಲಿ ಯಾಕೆ ಬೇಕು ನಿನಗೆ? ಎರಡು ಕುಂಡ ತಂದುಕೊಡ್ತೀನಿ, ಅದರಲ್ಲಿ ಹಾಕ್ಕೋ."

"ಕುಂಡದಲ್ಲಿ ನಿನ್ನ ವ್ಯಾನ್ ನಿಲ್ಲಿಸ್ಕೋ" ಎಂದಳು.

ಮೇಸ್ತ್ರಿ ಹೊಸ್ತಿಲಲ್ಲೇ ನಿಂತು ತೀರ್ಪು ಕೊಟ್ಟ. "ನಾನು ಹೇಳಿರ್ಲಿಲ್ವಾ? ಕೈ ಪಳಗಿಲ್ಲ ಅಂದ್ರೆ ಹೀಗೇ ಆಗೋದು."

"ಕೈ ಅಲ್ಲ, ನೀರು. ಬನ್ನಿ ಇಲ್ಲಿ." ಬಾಗಿಲ ಕಡೆಯ ಮೂಲೆಯ ಇಟ್ಟಿಗೆಯೊಂದನ್ನು ಅವಳು ಎರಡೂ ಕೈಯಿಂದ ಅಲ್ಲಾಡಿಸಿದಳು. ಜಗ್ಗಲಿಲ್ಲ. ಸುತ್ತಿಗೆ ತಂದು ಏಟು ಹಾಕಿದಳು. ಇಟ್ಟಿಗೆಯ ಚೂರು ಹಾರಿತೇ ಹೊರತು ಸಂದಿ ಬಿಡಲಿಲ್ಲ. "ಇವು ಮಾತ್ರ ನೆನೆಸಿರಲಿಲ್ಲ. ಇವು ಮಾತ್ರ ಹಿಡಿದಿವೆ. ಉಳಿದವು ಕುಡಿದ ನೀರು ಗಡ್ಡೆ ಕಟ್ಟಿ ಗಾರೆನ ಒದ್ದು ಹಾಕಿದೆ ರೀ. ಇನ್ಮೇಲೆ ಒಣ ಇಟ್ಟಿಗೇಲೇ ಕಟ್ಟೋದು."

ಮೇಸ್ತ್ರಿಗೆ ಅವನ ಕುಲಕ್ಕೇ ಬೈದಷ್ಟು ಕೋಪ ಬಂತು. "ಒಣ ಇಟ್ಟಿಗೆ ಇಡೋನು ಮೇಸ್ತ್ರೀನೇ ಅಲ್ಲ! ಒಂದೇ ಒಂದು ಒಣ ಇಟ್ಟಿಗೆ ಇಟ್ಟಿದ್ದಕ್ಕೆ ನನ್ನ ಗುರು ಕಪಾಳಕ್ಕೆ ಹೊಡೆದಿದ್ದ, ಗೊತ್ತಾ?"

"ನಿಮ್ಮ ಗುರು ಹಿಮ ನೋಡಿದ್ನಾ?"

"ಅವನು..."

"ನೀವು ನೋಡಿದ್ರಾ, ಇಲ್ಲಿಗೆ ಬರೋ ಮೊದಲು?"

"ಮಾಡು. ಏನಾದ್ರೂ ಮಾಡ್ಕೊಂಡು ಸಾಯಿ. ಇವತ್ತಿಂದ ನಿನ್ನ ಕೈ ಅಡುಗೆ ನಾನು ಮುಟ್ಟಲ್ಲ."

"ಒಳ್ಳೇದು. ನನಗೂ ಹೊತ್ತು ಉಳಿಯುತ್ತೆ."

ಅಂದಿನಿಂದ ಮನೆ ಮನೆಯಾಗಿ ಉಳಿಯಲಿಲ್ಲ. ಇಟ್ಟಿಗೆಗೆ ಹನಿ ನೀರೂ ತಾಗಬಾರದು, ಹಿಮವೂ ಬೀಳಬಾರದು ಎಂದು ಅವಳು ಸಡಿಲಾದ ಗೋಡೆ ಬಿಚ್ಚಿ, ಇಟ್ಟಿಗೆಯನ್ನೆಲ್ಲ ಒಳಗೆ ತಂದು ಜೋಡಿಸಿದಳು. ಓಣಿಯಂಥ ನಡುಮನೆಯ ಗೋಡೆಗುಂಟ ಒಂದು ಸಾಲು, ಒಲೆಯ ಪಕ್ಕ ಒಂದು ಸಾಲು, ಜಾಗ ಸಾಲದ್ದಕ್ಕೆ ಮೇಸ್ತ್ರಿಯ ಮಂಚದ ಕೆಳಗೂ ಒಂದು ಸಾಲು. ಮರಳಿನ ಬಕೆಟ್ಟು ಅಡುಗೆಮನೆಯಲ್ಲಿ ಬೆಚ್ಚಗೆ ಕೂತಿತು. ಗಾರೆ ಕಲಸಲು ದಿನಾ ಎರಡು ಪಾತ್ರೆ ಉಗುರುಬೆಚ್ಚಗಿನ ನೀರು. ಕೆಲಸ ಬೆಳಿಗ್ಗೆ ಹತ್ತರಿಂದ ಮಧ್ಯಾಹ್ನ ಮೂರರವರೆಗೆ, ದಿನಕ್ಕೆ ಒಂದೇ ವರಸೆ, ಅದೂ ಬಿಸಿಲಿದ್ದ ದಿನ.

ಹೊಲಿಗೆ ಕಾರ್ಖಾನೆಯಲ್ಲಿ ದಿನವಿಡೀ ದುಡಿದು ಬಂದ ಸೊಸೆ, ಕತ್ತಲಲ್ಲಿ ಇಟ್ಟಿಗೆ ಎಡವಿ ಹೆಬ್ಬೆರಳು ಜಜ್ಜಿಕೊಂಡಳು. "ಅತ್ತೇ! ಇದು ಮನೆಯೋ ಇಟ್ಟಿಗೆ ಗೂಡೋ? ನಿನ್ನೆ ಅನ್ನದಲ್ಲಿ ಮರಳು, ಇವತ್ತು ಹಾಲಲ್ಲಿ ಕೆಂಪು ಧೂಳು!"

"ಇನ್ನು ನಾಲ್ಕು ವರಸೆ, ಮುಗೀತು. ರಾತ್ರಿ ಗೋಡೆಗೆ ಹೊದಿಸೋಕೆ ಏನಾದ್ರೂ ಬೇಕಿತ್ತು ನೋಡು. ಎರಡು ಹಳೇ ಕಂಬಳಿ ಸಾಲ್ತಿಲ್ಲ. ಹಿಟ್ಟಿನ ಚೀಲ ತಂದುಕೊಡೋ ಅಂದ್ರೆ ನಿನ್ನ ಗಂಡ ಕಿವಿ ಮೇಲೇ ಹಾಕ್ಕೊಳ್ತಿಲ್ಲ."

"ನಾನ್ಯಾಕೆ ತರಲಿ?" ಮಗ ಒಳಗಿನಿಂದ ಕೂಗಿದ. "ನನ್ನ ವ್ಯಾನಿಗೆ ಅಡ್ಡ ಕಟ್ಟೋ ಗೋಡೆಗೆ ನಾನೇ ಹೊದಿಕೆ ತರಬೇಕಾ?"

"ಅವನು ಹೇಳಿದ್ದು ಸರಿ" ಎಂದ ಮೇಸ್ತ್ರಿ. ಅಡುಗೆ ಮುಟ್ಟದ ಶಪಥ ಅಷ್ಟು ಹೊತ್ತಿಗೆ ಐದು ದಿನ ದಾಟಿತ್ತು. ಮೂರು ಹೊತ್ತೂ ಬ್ರೆಡ್ಡು, ಟೀ. ಮುಖ ಇಳಿದುಹೋಗಿತ್ತು. "ಮನೆ ಹೆಂಗಸರಿಗೆ ಗಂಡಸರ ಕೆಲಸ ಯಾಕೆ? ನೀನಾದ್ರೂ ಬುದ್ಧಿ ಹೇಳಮ್ಮ ನಿನ್ನ ಅತ್ತೆಗೆ."

ಸೊಸೆ ಕಾಲು ಉಜ್ಜಿಕೊಳ್ಳುವುದನ್ನು ನಿಲ್ಲಿಸಿದಳು. ಅತ್ತೆಗೆ ಬೈಯಲೆಂದೇ ಬಾಯಿ ತೆರೆದಿದ್ದವಳು. "ಮಾವ, ಹದಿನಾಲ್ಕು ವರ್ಷದಿಂದ ನಾನು ಕಾಲರ್ ಒಂದೇ ಹೊಲೀತಿದೀನಿ. ಕಾಲರ್, ಕಾಲರ್, ಕಾಲರ್. ಪೂರ್ತಿ ಅಂಗಿ ಹೊಲೀತೀನಿ, ಕೊಡಿ ಅಂತ ಸೂಪರ್‌ವೈಸರ್‌ನ ಎಷ್ಟು ಸಲ ಕೇಳಿದೀನೋ. ಅವನೂ ಇದೇ ಧಾಟೀಲಿ ಮಾತಾಡ್ತಾನೆ, ಥೇಟ್ ನಿಮ್ಮ ಹಾಗೇ."

ಮರುದಿನ ಅವಳು ಕಾರ್ಖಾನೆಯಿಂದ ಬರುವಾಗ, ಕತ್ತರಿಸಿ ಬಿಸಾಡಿದ ದಪ್ಪ ಹತ್ತಿಯ ಹಾಸುಗಳನ್ನು ಒಂದು ಹೊರೆ ಹೊತ್ತು ತಂದಳು. ಅತ್ತೆ ಸೊಸೆ ಇಬ್ಬರೂ ಸೇರಿ ಹಸಿ ಗೋಡೆಗೆ ಉದ್ದಕ್ಕೂ ಹೊದಿಸಿ, ಅಂಚಿಗೆ ಕಲ್ಲು ಹೇರಿದರು. ನೆರೆಮನೆಯವಳು ಬೇಲಿಯಾಚೆಯಿಂದ, "ಯಾರ್ರೀ ಅದು ಮಲಗಿರೋದು?" ಎಂದು ಕೇಳಿದಳು.

"ನನ್ನ ಮಗಳು" ಎಂದಳು ಬಾಂಡ್ಲಿಯಮ್ಮ. "ರಾತ್ರಿ ಬೆಚ್ಚಗಿರಲಿ ಅಂತ."

ಮೇಸ್ತ್ರಿಯ ಶಪಥ ಒಂಬತ್ತನೇ ದಿನ, ಹುರಿದ ಮೊಟ್ಟೆಯ ವಾಸನೆಗೆ ಮುರಿಯಿತು. ಅವನು ತಟ್ಟೆ ಎಳೆದುಕೊಂಡ, ಅವಳು ಬಡಿಸಿದಳು, ಇಬ್ಬರೂ ಆ ವಿಷಯ ಎತ್ತಲಿಲ್ಲ. ಗೋಡೆಯ ಮಾತನ್ನಂತೂ ಅವನು ಆಡಲೇ ಇಲ್ಲ. ಕಿಟಕಿಯ ಪರದೆ ಎಳೆದುಕೊಂಡು ಕೂತುಬಿಡುತ್ತಿದ್ದ. ಅಷ್ಟರಲ್ಲಿ ಏಳು ವರಸೆ ಮುಗಿದು, ಮೇಲೆ ಇಟ್ಟಿಗೆಗಳನ್ನು ನಿಲ್ಲಿಸಿ ಕೂರಿಸಿದ ಕೊನೆಯ ಸಾಲೂ ಮುಗಿಯಿತು. ಒಂದೆರಡು ಕಡೆ ಸಂದಿ ಕೊಂಚ ದಪ್ಪವಾಗಿತ್ತು, ನಡುವೆ ಒಂದಿಷ್ಟು ಉಬ್ಬೂ ಇತ್ತು. ಬಾಂಡ್ಲಿಯಮ್ಮನಿಗೆ ಅದು ಗೊತ್ತಿತ್ತು. ಹಾಗೆಂದು ಅವಳ ಸೊಕ್ಕು ಕಡಿಮೆಯಾಗಲಿಲ್ಲ.

ಚಳಿ ಮುರಿದ ವಾರವೇ ಮಗ ಗುತ್ತಿಗೆದಾರನನ್ನು ಕರೆತಂದ. ದಪ್ಪ ಬೂಟು, ಕಿವಿಯ ಸಂದಿಯಲ್ಲಿ ಪೆನ್ಸಿಲ್ಲು, ಕೈಯಲ್ಲಿ ಅಳತೆ ಟೇಪು. ಅಂಗಳದಲ್ಲಿ ಮನೆಯವರೆಲ್ಲ ಸೇರಿದರು. ಮೇಸ್ತ್ರಿಯೂ ಊರುಗೋಲೂರಿ ಬಂದು ನಿಂತ.

"ಇದನ್ನ ತೆಗೀಬೇಕಾಗುತ್ತೆ" ಎಂದ ಗುತ್ತಿಗೆದಾರ, ಗೋಡೆಯನ್ನು ಗದ್ದದಿಂದ ತೋರಿಸಿ. "ಚಳೀಲಿ ಕಟ್ಟಿದ್ದು ತಾನೆ? ಏನೂ ಕಷ್ಟ ಇಲ್ಲ." ಹಾಗೆಂದು ಬೂಟುಗಾಲಿನಿಂದ ಜೋರಾಗಿ ಒದ್ದ.

ಗೋಡೆ ಮಿಸುಕಲಿಲ್ಲ. ಗುತ್ತಿಗೆದಾರ ಒಂಟಿಗಾಲಲ್ಲಿ ಎರಡು ಹೆಜ್ಜೆ ಕುಣಿದ. ಸೊಸೆ ಸೆರಗು ಬಾಯಿಗೆ ಒತ್ತಿಕೊಂಡಳು. ಅವನು ಬಗ್ಗಿ, ಸಂದಿಯನ್ನು ಉಗುರಿನಿಂದ ಕೆರೆದು, ಪೆನ್ಸಿಲ್ಲಿನಿಂದ ಕುಟ್ಟಿ, ಆ ತುದಿಯಿಂದ ಈ ತುದಿವರೆಗೆ ನಡೆದು ನೋಡಿದ. "ನನ್ನ ಜನ ಈ ಚಳಿಯಲ್ಲಿ ಕಟ್ಟಿದ್ದು ಎರಡು ಕಡೆ ಬಿರುಕು ಬಿಟ್ಟಿದೆ. ಯಾವ ಮೇಸ್ತ್ರಿ ಕೆಲಸ ಇದು?"

ಇಲ್ಲಿಗೆ ಬಂದ ಮೇಲೆ ಮೇಸ್ತ್ರಿಯನ್ನು ಯಾರೂ ಆ ಮಾತು ಕೇಳಿರಲಿಲ್ಲ. ಅವನ ಬೆನ್ನು ತಾನಾಗಿ ನೆಟ್ಟಗಾಯಿತು. "ನನ್ನದು" ಎಂದ.

ಮಗ ನೆಲ ನೋಡಿದ. ಸೊಸೆ ಅತ್ತೆಯ ಮುಖ ನೋಡಿದಳು. ಬಾಂಡ್ಲಿಯಮ್ಮನಿಗೆ ಗಂಡನನ್ನು ಕಂಡು ಅಯ್ಯೋ ಎನಿಸಿದ್ದು ಸುಳ್ಳಲ್ಲ. ಅಯ್ಯೋ ಎನ್ನುತ್ತಲೇ ಮೂವತ್ತಮೂರು ವರ್ಷ ಕಳೆದಿದ್ದವು. ಅವಳು ಹತ್ತಿರ ಹೋಗಿ ಗಂಡನ ಬಲಗೈ ಹಿಡಿದು ಅಂಗೈ ಮೇಲೆ ಮಾಡಿದಳು. ಪಕ್ಕದಲ್ಲಿ ತನ್ನದನ್ನು ಹಿಡಿದಳು. ಅವನದು ಮೆತ್ತಗೆ ಬಿಳುಪೇರಿತ್ತು. ಅವಳದರಲ್ಲಿ ಸಿಮೆಂಟು ತಿಂದ ಬಿರುಕುಗಳು, ಚಳಿಗೆ ಒಡೆದ ಬೆರಳ ಸಂದಿಗಳು, ಕರಣೆಯ ಹಿಡಿ ಎಬ್ಬಿಸಿದ ಹೊಸ ದಡ್ಡು.

"ನೋಡಿ ಹೇಳಿ" ಎಂದಳು ಗುತ್ತಿಗೆದಾರನಿಗೆ. "ಯಾವುದು ಕಟ್ಟಿದ್ದು?"

ಮೇಸ್ತ್ರಿ ಕೈ ಕಿತ್ತುಕೊಳ್ಳಲು ನೋಡಿದ. ಅವಳು ಬಿಡಲಿಲ್ಲ.

"ಇದು" ಎಂದ ಗುತ್ತಿಗೆದಾರ, ಅವಳ ಅಂಗೈಯತ್ತ ಬೆರಳು ಮಾಡಿ. ಆಮೇಲೆ ಮಗನ ಕಡೆ ತಿರುಗಿದ. "ನೋಡಿ ಸ್ವಾಮಿ, ಇದನ್ನ ಒಡೆಯೋಕೆ ನನ್ನ ಇಬ್ಬರಿಗೆ ಒಂದು ದಿನ ಹಿಡಿಯುತ್ತೆ. ಇತ್ತ ಹನ್ನೊಂದಡಿ ಇದೆ, ನಿಮ್ಮ ವ್ಯಾನ್ ಆರಾಮಾಗಿ ನಿಲ್ಲುತ್ತೆ. ಏನ್ಮಾಡ್ಲಿ ಹೇಳಿ."

ಮಗ ತಾಯಿಯನ್ನು ನೋಡಿದ. ಅವಳು ಕಣ್ಣು ಕೆಳಗೆ ಮಾಡಲಿಲ್ಲ. ಹೆಂಡತಿಯನ್ನು ನೋಡಿದ. ಅವಳು ಯಾವಾಗಲೋ ಗೋಡೆ ದಾಟಿ ಪಾತಿಯ ಕಡೆ ಹೋಗಿ ಕೈಕಟ್ಟಿ ನಿಂತಿದ್ದಳು. ಅವನು ಉಸಿರು ಬಿಟ್ಟು, "ಗೋಡೆಯಿಂದ ಈಚೆಗೆ ಅಳತೆ ತಗೊಳ್ಳಿ" ಎಂದ. ತಾಯಿಗೆ, "ತಿರುಗಿಸುವಾಗ ವ್ಯಾನಿಗೆ ಗೀರು ಬಿದ್ರೆ ನೋಡು ಮತ್ತೆ" ಎಂದು ಸೇರಿಸಿದ.

"ಬಿದ್ರೆ ಗೋಡೆಗೆ ಏನೂ ಆಗಲ್ಲ, ಯೋಚನೆ ಮಾಡಬೇಡ" ಎಂದಳು.

ಅಳತೆ ಮುಗಿಸಿ ಟೇಪು ಸುತ್ತುತ್ತಾ ಗುತ್ತಿಗೆದಾರ ಅವಳ ಬಳಿ ಬಂದ. "ಅಮ್ಮಾ, ಮುಂದಿನ ಬೀದೀಲಿ ತೋಟಕ್ಕೆ ಇಂಥದ್ದೇ ಗೋಡೆ ಕೇಳ್ತಿದಾರೆ. ಮಾಡಿ ಗೊತ್ತಿರೋರು ಬೇಕು. ನನ್ನ ಮೇಸ್ತ್ರಿ ಜೊತೆ ಕೈಯಾಳಾಗಿ ಬರ್ತೀರಾ?"

ಬಾಂಡ್ಲಿಯಮ್ಮ ಅವನನ್ನು ತಲೆಯಿಂದ ಕಾಲಿನವರೆಗೆ ನೋಡಿದಳು. ಅಂಗೈ ನೋಡಿದ ಮೇಲೂ, ಕಾಲು ನೋಯಿಸಿಕೊಂಡ ಮೇಲೂ ಇವನ ಬಾಯಲ್ಲಿ ಅದೇ ಮಾತು.

"ಮೇಸ್ತ್ರಿ ಬೇಕಾದ್ರೆ ಹೇಳಿ, ನಾಳೇನೇ ಬರ್ತೀನಿ. ಮೇಸ್ತ್ರಿಗೆ ಎಷ್ಟು ಕೂಲಿ ಕೊಡ್ತೀರೋ ಅಷ್ಟೇ ಕೊಡಬೇಕು, ಒಂದು ಕಾಸೂ ಕಡಿಮೆ ಇಲ್ಲ" ಎಂದಳು. ಮೇಸ್ತ್ರಿಯ ಕೈ ಇನ್ನೂ ಅವಳ ಕೈಯಲ್ಲೇ ಇತ್ತು. ಅದನ್ನು ಗುತ್ತಿಗೆದಾರನ ಮುಂದಕ್ಕೆ ಚಾಚಿದಳು. "ಕೈಯಾಳು ಬೇಕು ಅಂದ್ರೆ ಇವರು ಖಾಲಿ ಇದಾರೆ. ಸೊಂಟ ಸರಿ ಇಲ್ಲ, ಏಣಿ ಹತ್ತೋಕಾಗಲ್ಲ. ಕೂತ್ಕೊಂಡು ಇಟ್ಟಿಗೆ ಒರೆಸಿಕೊಡ್ತಾರೆ."